ಸೂಟು ಮುರಿದ ತೂಕ

ನನಗೆ ಹದಿನಾಲ್ಕು ತುಂಬುವ ಹೊತ್ತಿಗೆ, ನನ್ನ ಮೈಯ ತೂಕದಲ್ಲಿ ಎರಡೂವರೆ ಕಿಲೋವನ್ನು ನನ್ನ ದೊಡ್ಡಪ್ಪ ಕದ್ದರು. ಕದ್ದರು ಎಂಬ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಹಾಡುಹಗಲಿನಲ್ಲಿ, ದಾವಣಗೆರೆಯ ತಮ್ಮ ದಲಾಲಿ ಅಂಗಡಿಯ ಕಾಟಾದ ಮುಂದೆ, ಹಮಾಲರೂ ಗುಮಾಸ್ತರೂ ನೋಡುತ್ತಿರುವಾಗ, ನಾನು ಒಂದು ವರ್ಷ ಬೆವರು ಸುರಿಸಿ ಗಳಿಸಿದ್ದ ತೂಕವನ್ನು ಅವರು ಬಾಯಿಮಾತಿನಲ್ಲಿ ಕಳೆದುಹಾಕಿದರು. ಕಳೆದು ಉಳಿದದ್ದು ಸಾಲದೆಂದು ನನ್ನನ್ನು ಹೈಸ್ಕೂಲಿಗೆ ಕಳಿಸುವುದಿಲ್ಲವೆಂದರು. ಈಗ ಅವರಿಲ್ಲ. ದೊಡ್ಡವ್ವನೂ ಇಲ್ಲ. ಅವರ ಮಗ ಶಂಭು ಇದ್ದಾನೆ, ಅದೇ ಮನೆಯಲ್ಲಿದ್ದಾನೆ. ಮದುವೆ, ನಾಮಕರಣಗಳಲ್ಲಿ ನಾನು ಎದುರಾದಾಗಲೆಲ್ಲ ಪಕ್ಕದವರಿಗೆ ನನ್ನನ್ನು ತೋರಿಸಿ, ಈ ವಯಸ್ಸಿನಲ್ಲಿಯೂ ಹೇಗೆ ನೆಟ್ಟಗೆ ನಡೆಯುತ್ತಾಳೆ ನೋಡಿ, ನಮ್ಮ ಮನೆಯ ಹಾಲು ಕುಡಿದು ಬೆಳೆದ ಮೈ ಅದು ಎನ್ನುತ್ತಾನೆ. ಆದ್ದರಿಂದ ಮೊದಲು ಆ ಹಾಲಿನ ವಿಷಯವನ್ನೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಹಾಲು ಕಾಯಿಸಿದ ಹಿತ್ತಾಳೆಯ ಪಾತ್ರೆ ಅಡುಗೆಮನೆಯ ಮೂಲೆಯಲ್ಲಿ ನೆಲುವಿಗೆ ತೂಗುತ್ತಿತ್ತು. ಆ ನೆಲುವಿನ ಎತ್ತರವನ್ನು ದೊಡ್ಡವ್ವ ತನ್ನ ಕೈಗೆ ಸರಿಯಾಗಿ ಕಟ್ಟಿಸಿಕೊಂಡಿದ್ದಳು. ನನ್ನ ಅವ್ವ ಕುಳ್ಳಿ, ಅವಳಿಗೆ ಎಟುಕುತ್ತಿರಲಿಲ್ಲ. ನನ್ನ ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ನಾವಿಬ್ಬರೂ ದೊಡ್ಡಪ್ಪನ ಆಶ್ರಯದಲ್ಲಿದ್ದೆವು ಎಂದು ಎಲ್ಲರೂ ಹೇಳುತ್ತಿದ್ದರು. ಆ ಅಂಗಡಿಯನ್ನು ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿದ್ದರೆಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಮೊದಲು ದೊಡ್ಡಪ್ಪ ಮತ್ತು ಶಂಭು ಊಟಕ್ಕೆ ಕೂರುತ್ತಿದ್ದರು. ಅವರಿಗೆ ಒಲೆಯ ಮೇಲಿಂದ ಇಳಿದ ಬಿಸಿ ರೊಟ್ಟಿ, ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ, ಕಾಳಿನ ಪಲ್ಯ, ಕೊನೆಗೆ ಕೆನೆಮೊಸರು. ಆಮೇಲೆ ದೊಡ್ಡವ್ವ. ಆಮೇಲೆ ನಾನು, ನನ್ನ ತಾಟಿಗೆ ಆರಿದ ರೊಟ್ಟಿ, ಸಾರಿನ ತಿಳಿ, ನೀರುಮಜ್ಜಿಗೆ. ಎಲ್ಲರದೂ ಮುಗಿದ ಮೇಲೆ ಅವ್ವ ಒಲೆಯ ಪಕ್ಕದಲ್ಲಿಯೇ, ಗೋಡೆಗೆ ಮುಖ ಮಾಡಿ ಕೂತು ಏನೋ ಉಣ್ಣುತ್ತಿದ್ದಳು. ಏನು ಉಣ್ಣುತ್ತಾಳೆಂದು ನಾನೂ ನೋಡಿರಲಿಲ್ಲ. ಈ ಬರಹದಲ್ಲಿ ನಾನು ಅನೇಕರ ತಪ್ಪನ್ನು ಹೇಳುವವಳಿದ್ದೇನೆ, ಇದು ನನ್ನದು.

ಕೆನೆ ಶಂಭುವಿಗೆ ಮೀಸಲಾಗಲು ಒಂದು ಕಾರಣವಿತ್ತು. ಅವನು ನನಗಿಂತ ಎರಡು ವರ್ಷ ದೊಡ್ಡವನು, ಗರಡಿಗೆ ಹೋಗುತ್ತಿದ್ದ. ಆಗಿನ ದಾವಣಗೆರೆಯಲ್ಲಿ ಮಗ ಗರಡಿಯ ಮಣ್ಣು ಮೈಗೆ ಮೆತ್ತಿಕೊಂಡು ಮನೆಗೆ ಬರುವುದೆಂದರೆ ತಾಯಂದಿರಿಗೆ ಹೆಮ್ಮೆ. ಶಂಭುವೂ ಮಣ್ಣು ಮೆತ್ತಿಕೊಂಡೇ ಬರುತ್ತಿದ್ದ. ಆದರೆ ಒಂದು ದಿನ ಬೆಳಿಗ್ಗೆ ದೊಡ್ಡವ್ವ ನನ್ನನ್ನು ಅವನಿಗೆ ನೆನೆಸಿದ ಬಾದಾಮಿ ಕೊಟ್ಟು ಬರಲು ಕಳಿಸಿದಾಗ ನಾನು ಕಣ್ಣಾರೆ ಕಂಡೆ: ಉಳಿದ ಹುಡುಗರು ದಂಡ, ಬಸ್ಕಿ ಹೊಡೆದು ಬೆವರುತ್ತಿದ್ದರೆ ಇವನು ಹೊರಗಿನ ಕಟ್ಟೆಯ ಮೇಲೆ ಕೂತು ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯೊಂದಿಗೆ ತಿನ್ನುತ್ತಿದ್ದ. ತಿಂದು ಮುಗಿಸಿ, ಬಾಗಿಲ ಬಳಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಎದೆಗೂ ತೋಳಿಗೂ ಶ್ರದ್ಧೆಯಿಂದ ಹಚ್ಚಿಕೊಂಡ. ನನ್ನನ್ನು ನೋಡಿ, ಮನೆಯಲ್ಲಿ ಬಾಯಿ ಬಿಟ್ಟರೆ ಜಡೆ ಕಿತ್ತುಬಿಡುತ್ತೇನೆ ಎಂದ. ನಾನು ಬಾಯಿ ಬಿಡಲಿಲ್ಲ. ಅರವತ್ತು ವರ್ಷದ ಮೇಲೆ ಈಗ ಬಿಡುತ್ತಿದ್ದೇನೆ.

ಮಾಧ್ಯಮಿಕ ಶಾಲೆಯ ಕೊನೆಯ ವರ್ಷ ಪ್ರಾರ್ಥನೆಯ ಸಾಲಿನಲ್ಲಿ ನಾನು ತಲೆ ತಿರುಗಿ ಬಿದ್ದೆ. ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದದ್ದರಿಂದ ಶಾಲೆಯವರು ವೈದ್ಯರಿಗೆ ತೋರಿಸಿರೆಂದು ಹೇಳಿ ಕಳಿಸಿದರು. ವೈದ್ಯರು ಎದೆಗೆ ಕೊಳವೆ ಇಟ್ಟು ನೋಡಿ, ಕಣ್ಣರೆಪ್ಪೆ ಎಳೆದು ನೋಡಿ, ರೋಗವೇನೂ ಇಲ್ಲ, ಹೊಟ್ಟೆ ತುಂಬ ಊಟ ಹಾಕಿ ಎಂದರು. ಈ ಮಾತಿನಿಂದ ದೊಡ್ಡವ್ವನಿಗೆ ಅವಮಾನವಾಯಿತು. ಮನೆಗೆ ಬಂದವರಿಗೆಲ್ಲ ಅವಳು, ನಾವೇನು ಕಡಿಮೆ ಮಾಡಿದ್ದೇವೆ, ಈ ಹುಡುಗಿಯ ಮೈಗೇ ಅನ್ನ ಹತ್ತುವುದಿಲ್ಲ, ಇವಳಲ್ಲಿ ಒಳಗೊಂದು ಕಾಯಿಲೆ ಇದೆ ಎನ್ನತೊಡಗಿದಳು. ವಾರದೊಳಗೆ ನನ್ನ ತಾಟು, ಲೋಟ ಬೇರೆಯಾದವು. ಬೇಸಿಗೆ ರಜೆ ಬಂದಾಗ ದೊಡ್ಡಪ್ಪ ಅವ್ವನೊಂದಿಗೆ ನನ್ನನ್ನು ಅಂಗಡಿಗೆ ಕರೆಸಿ, ಶೇಂಗಾ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಆಗಷ್ಟೇ ಸೇರು, ಮಣ ಹೋಗಿ ಕಿಲೋ ಬಂದಿದ್ದ ಕಾಲ. ಇಪ್ಪತ್ತೇಳೂವರೆ ಕಿಲೋ ಬಂತು. ಖಾಲಿ ಚೀಲ ಎಂದು ಯಾರೋ ಹಮಾಲ ನಕ್ಕ. ದೊಡ್ಡಪ್ಪ ನಗಲಿಲ್ಲ, ಅವರು ತೂಕದ ಮುಂದೆ ಎಂದೂ ನಗುತ್ತಿರಲಿಲ್ಲ.

“ಹೈಸ್ಕೂಲು ಇಲ್ಲಿಂದ ಎಷ್ಟು ದೂರ ಐತೆ ಗೊತ್ತೈತಾ? ದಾರ್ಯಾಗ ಬಿದ್ರೆ ಎತ್ಕೊಂಡು ಬರಾರು ಯಾರು? ಮುಂದಿನ ವರ್ಷ ಇದೇ ಕಾಟಾದ ಮ್ಯಾಲೆ ಮೂವತ್ತೈದು ಆಗ್ಲಿ, ಕಳಿಸ್ತೀನಿ. ಅಲ್ಲೀ ತನಕ ಸರ್ಟಿಫಿಕೇಟು ನನ್ನ ಪೆಟ್ಟಿಗ್ಯಾಗೆ ಇರ್ತೈತೆ.”

ಹೀಗೆ ನನ್ನ ಓದು ಮೂವತ್ತೈದು ಕಿಲೋದ ಆಚೆ ದಡದಲ್ಲಿ ಹೋಗಿ ನಿಂತಿತು. ಅವ್ವ ಮರುವಾರ ಹರಿಹರದಿಂದ ತನ್ನ ಅಣ್ಣನನ್ನು ಕರೆಸಿದಳು. ನೀರು ಬದಲಾದರೆ ಕಾಯಿಲೆ ಹೋಗುತ್ತದೆ ಎಂದು ದೊಡ್ಡವ್ವನೂ ಒಪ್ಪಿದಳು; ಒಂದು ತಾಟು ಕಡಿಮೆಯಾಗುವುದಕ್ಕೆ ಅವಳ ತಕರಾರು ಎಂದೂ ಇರಲಿಲ್ಲ.

ನನ್ನ ಸೋದರಮಾವ ಹರಿಹರದ ರೈಲು ನಿಲ್ದಾಣದ ಗೂಡ್ಸ್ ಶೆಡ್ಡಿನಲ್ಲಿ ಸಾಮಾನು ತೂಗುವ ಕೆಲಸದಲ್ಲಿದ್ದರು. ವಯಸ್ಸಿನಲ್ಲಿ ಕುಸ್ತಿ ಮಾಡಿದವರು. ಕಿವಿಗಳು ಹಿಂಡಿದ ಹಾಗಿದ್ದವು, ಕುತ್ತಿಗೆ ಕಾಣುತ್ತಲೇ ಇರಲಿಲ್ಲ. ಮಕ್ಕಳಿರಲಿಲ್ಲ. ನಾನು ಅಲ್ಲಿಗೆ ಹೋದ ಮೊದಲ ಸೋಮವಾರ ಬೆಳಿಗ್ಗೆ ನನ್ನನ್ನು ಶೆಡ್ಡಿಗೆ ಕರೆದೊಯ್ದು ಕಾಟಾದ ಮೇಲೆ ನಿಲ್ಲಿಸಿದರು. ಬರೀ ಹೊಟ್ಟೆಯಲ್ಲಿರಬೇಕು, ತಲೆಗೂದಲು ಒಣಗಿರಬೇಕು, ಪ್ರತಿ ಸಲವೂ ಅದೇ ಹಸಿರು ಲಂಗವೇ ಇರಬೇಕು, ಇಲ್ಲದಿದ್ದರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ ಎಂದರು. ತೂಕದ ತೊಲೆಯ ಮೇಲೆ ಗುಂಡನ್ನು ಸರಿಸಿ, ತೊಲೆ ಅಲುಗದೆ ನಿಲ್ಲುವವರೆಗೆ ಉಸಿರು ಹಿಡಿದು ಕಾಯುತ್ತಿದ್ದರು. ಅದನ್ನು ಓದುವುದು ಹೇಗೆಂದು ನನಗೂ ಕಲಿಸಿದರು. ನನ್ನ ತೂಕವನ್ನು ಬೇರೆಯವರ ಬಾಯಿಂದ ಕೇಳುವ ಗತಿ ನನಗೆ ಇರಬಾರದೆಂಬುದು ಅವರ ಉದ್ದೇಶವಾಗಿತ್ತು.

ಅತ್ತೆ ಮೊದಲ ದಿನವೇ ನನ್ನ ಮುಂದೆ ನಾಲ್ಕು ರೊಟ್ಟಿ, ಬಟ್ಟಲು ತುಂಬ ಬೆಣ್ಣೆ ಇಟ್ಟರು. ನಾನು ಆಸೆಯಿಂದ ತಿಂದು ಸಂಜೆಯವರೆಗೆ ವಾಂತಿ ಮಾಡಿದೆ. ಮಾವ ಅತ್ತೆಯನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡರು.

“ಖಾಲಿ ಇದ್ದ ಹೊಟ್ಟಿಗೆ ಒಮ್ಮಿಗೇ ಸುರುವಿದ್ರ ಹೆಂಗೆ? ಸೊಲ್ಪ ಸೊಲ್ಪ, ದಿನಕ್ಕ ಐದು ಸಲ. ಉಂಡದ್ದು ಮೈಗೆ ಹತ್ಬೇಕು ಅಂದ್ರ ಮೈ ದುಡೀಬೇಕು ನೀಲಿ, ಬಸ್ಕಿ ಹೊಡೀಬೇಕು. ದುಡೀದಿದ್ರ ಅದು ಹೊಟ್ಟಿ ಸುತ್ತ ಕುಂದರ್ತೈತೆ, ನಿನ್ನ ಕೈಗೂ ಬರಲ್ಲ ಕಾಲಿಗೂ ಬರಲ್ಲ.”

“ಹೆಣ್ಣುಡುಗಿ ಬಸ್ಕಿ ಹೊಡೆಯೋದು ಯಾರಾದ್ರೂ ನೋಡಿದ್ರ?” ಎಂದರು ಅತ್ತೆ.

“ನೋಡಿದ್ರ ಎಣಿಸಾಕ ಹೇಳು. ನನಗ ಎಣಿಕಿ ತಪ್ತೈತೆ.”

ಮೊದಲ ಹದಿನೈದು ದಿನ ಹೊಳೆಯವರೆಗೆ ನಡೆದು ವಾಪಸು ಬರುವುದಷ್ಟೇ. ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು, ನೆನೆಸಿದ ಕಡಲೆ, ಒಂದು ಹಿಡಿ ಶೇಂಗಾ, ಬೆಲ್ಲದ ಚೂರು ಇಷ್ಟನ್ನು ಅವಸರವಿಲ್ಲದೆ ಅಗಿದು ತಿನ್ನಬೇಕಿತ್ತು. ಆಮೇಲೆ ಹಿತ್ತಿಲಲ್ಲಿ ಹತ್ತು ಬಸ್ಕಿ ಶುರುವಾದವು. ವಾರಕ್ಕೆ ಎರಡು ಹೆಚ್ಚಿಸಬೇಕು, ಮೂರನ್ನಲ್ಲ. ಉಸಿರು ಏರಿದರೆ ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ನಾಚಬಾರದು. ಮನೆಗೆ ಬಂದರೆ ಬೆಣ್ಣೆ ಸವರಿದ ಒಂದೇ ರೊಟ್ಟಿ, ಮೊಳಕೆ ಬಂದ ಹೆಸರುಕಾಳು, ಸೊಪ್ಪು. ನಡುವೆ ಬಾಳೆಹಣ್ಣು. ಮಧ್ಯಾಹ್ನ ಅನ್ನ, ಗಟ್ಟಿ ಬೇಳೆ, ಮೊಸರು. ಸಂಜೆ ಹೊತ್ತು ಮುಳುಗುವ ಮೊದಲು ಊಟ, ಆಮೇಲೆ ಒಂದು ಲೋಟ ಹಾಲು. ಆ ಹಾಲಿನ ಮೇಲೆ ಕೆನೆ ಇರುತ್ತಿತ್ತು. ಮೊದಲ ಸಲ ಕೆನೆ ಕಂಡಾಗ ನಾನು ಅದನ್ನು ಬೆರಳಿನಿಂದ ಎತ್ತಿ ಬೇರೆ ಬಟ್ಟಲಿಗೆ ಹಾಕಿದೆ. ಅದು ಯಾರಿಗೆ ಎಂದು ಅತ್ತೆ ಕೇಳಿದರು. ಕೆನೆ ಯಾರಿಗೋ ಸೇರಿದ್ದಲ್ಲವೇ, ಆದರೆ ಈ ಮನೆಯಲ್ಲಿ ಶಂಭು ಇಲ್ಲವಲ್ಲ ಎಂದು ನನಗೇ ದಿಕ್ಕು ತೋಚದೆ ಕೂತೆ. ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದದ್ದು ನೆನಪಿದೆ.

ಎರಡು ವಾರ ತೂಕ ಅಲುಗಲಿಲ್ಲ. ಮೂರನೆಯ ಸೋಮವಾರ ಕಾಲು ಕಿಲೋ ಏರಿತು. ಮಳೆಗಾಲದಲ್ಲಿ ಜ್ವರ ಬಂದು ಒಂದು ಕಿಲೋ ಇಳಿಯಿತು, ನಾನು ಅತ್ತುಬಿಟ್ಟೆ. ಇಳಿದದ್ದು ಏರುವ ದಾರಿ ಈಗ ನಿನಗೆ ಗೊತ್ತಿದೆಯಲ್ಲ ಎಂದರು ಮಾವ. ದಸರೆಯ ಹೊತ್ತಿಗೆ ಹೊಳೆಯ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದೆ. ಸಂಕ್ರಾಂತಿಗೆ ಐವತ್ತು ಬಸ್ಕಿ ಹೊಡೆದರೂ ಮಾತಾಡಲು ಉಸಿರಿರುತ್ತಿತ್ತು. ಅದುವರೆಗೆ ಮಧ್ಯಾಹ್ನವಾದರೆ ಕಣ್ಣು ಮುಚ್ಚಿಹೋಗುತ್ತಿದ್ದ ಹುಡುಗಿ ನಾನು. ಆ ವರ್ಷ ಮಾವ ತಂದುಕೊಟ್ಟ ಹಳೆಯ ಪಠ್ಯಪುಸ್ತಕಗಳನ್ನು ಮಧ್ಯಾಹ್ನವೇ ಕೂತು ಓದಿ ಮುಗಿಸಿದೆ. ಬಸವ ಜಯಂತಿಗೆ ಒಂದು ವಾರವಿರುವಾಗ ಗೂಡ್ಸ್ ಶೆಡ್ಡಿನ ತೊಲೆ ಮೂವತ್ತಾರೂವರೆಗೆ ನಿಂತಿತು. ಮಾವ ಎರಡು ಸಲ ತೂಗಿ, ಮೂರನೆಯ ಸಲ ನನ್ನಿಂದಲೇ ಓದಿಸಿದರು.

ಮರುದಿನ ಬೆಳಗಿನ ರೈಲಿಗೆ ನಾವು ದಾವಣಗೆರೆಗೆ ಬಂದೆವು. ನ್ಯಾಯವಾಗಿ ತೂಗಿಸಬೇಕೆಂದು ಮಾವ ನನಗೆ ತಿನ್ನಲು ಏನನ್ನೂ ಕೊಟ್ಟಿರಲಿಲ್ಲ. ನಿಲ್ದಾಣದಿಂದ ನೇರ ಅಂಗಡಿಗೇ ಹೋದೆವು. ದೊಡ್ಡಪ್ಪನ ಕಾಟಾವೂ ಮೂವತ್ತಾರೂವರೆಯನ್ನೇ ತೋರಿಸಿತು. ಆ ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ಹಮಾಲರು ಭೇಷ್ ಎಂದರು. ದೊಡ್ಡಪ್ಪ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಲ್ಲಿ ಒಂದು ವಿಷಯ ಹೇಳಬೇಕು. ರೈತನ ಚೀಲ ತೂಗಿದ ಮೇಲೆ, ಗೋಣಿಗೆ ಇಷ್ಟು, ಕಾಳಿನ ತೇವಕ್ಕೆ ಇಷ್ಟು, ಮಣ್ಣು ಕಸಕ್ಕೆ ಇಷ್ಟು ಎಂದು ತೂಕದಲ್ಲಿ ಕಳೆಯುವುದು ಅಂಗಡಿಗಳ ಪದ್ಧತಿಯಾಗಿತ್ತು. ಅದಕ್ಕೆ ಸೂಟು ಮುರಿಯುವುದು ಎನ್ನುತ್ತಿದ್ದರು. ದೊಡ್ಡಪ್ಪ ತಮ್ಮ ಜೀವಮಾನದಲ್ಲಿ ಯಾವ ತೂಕವನ್ನೂ ಸೂಟು ಮುರಿಯದೆ ಒಪ್ಪಿದವರಲ್ಲ.

“ಲಂಗ, ಕುಬಸ, ಬಳಿ, ಎಲ್ಲಾ ಸೇರಿ ಒಂದು ಕಿಲೋ ತಗೀರಿ. ಮುಂಜಾನೆ ಉಂಡು ಬಂದಿರ್ತಾಳ, ಅದೊಂದು. ಜಡಿಗೆ ಎಣ್ಣಿ ಮೆತ್ತೈತೆ, ಅರ್ಧ. ಎಷ್ಟಾತು? ಮೂವತ್ನಾಲ್ಕು. ಒಂದು ಕಡಿಮಿ ಬಂತಲ್ರಿ ಬೀಗ್ರೆ.”

ಮಾವ ಕೈ ಎತ್ತಿದ್ದರೆ ಆ ಅಂಗಡಿಯಲ್ಲಿ ತಡೆಯುವವರಾರೂ ಇರಲಿಲ್ಲ.

“ಹುಡುಗೀನ ತೂಗಾಕ ಕರ್ಕೊಂಡು ಬಂದೀನಿ ಬೀಗ್ರೆ, ಮಾರಾಕಲ್ಲ.”

“ನಮ್ಮ ಕಾಟಾದ ಮ್ಯಾಲೆ ನಿಂತ ಮ್ಯಾಲೆ ನಮ್ಮ ಅಂಗಡಿ ಪದ್ಧತಿ. ಮುಂದಿನ ವರ್ಷ ನೋಡೋಣಂತೆ. ಹುಡುಗಿ ಇಲ್ಲೇ ಇರ್ಲಿ, ಹಬ್ಬ ಬಂತು, ಮನಿಯಾಗೆ ಕೆಲಸ ಐತೆ.”

ಹೋದ ವರ್ಷ ಇದೇ ಕಾಟಾದ ಮೇಲೆ ಇಪ್ಪತ್ತೇಳೂವರೆ ಎಂದು ಬರೆಯಿಸಿದಾಗ ಅವರು ಬಟ್ಟೆಯ ತೂಕ ಕಳೆದಿರಲಿಲ್ಲ. ನಾನು ಇದನ್ನು ಅಲ್ಲಿಯೇ ಹೇಳಿದೆ. ದೊಡ್ಡವರ ಮಾತಿಗೆ ಎದುರಾಡುವುದನ್ನು ಹರಿಹರದಲ್ಲಿ ಕಲಿಸಿದರೇ ಎಂದು ಕೇಳಿ ಅವರು ಎದ್ದುಹೋದರು. ನನ್ನನ್ನು ಮನೆಗೆ ಬಿಟ್ಟು ಮಾವ ಒಬ್ಬರೇ ಹರಿಹರಕ್ಕೆ ಮರಳಿದರು. ದೊಡ್ಡಪ್ಪನದು ಕೆಟ್ಟ ಮನಸ್ಸಲ್ಲ, ಕೈಗೆ ಹತ್ತಿದ ಅಭ್ಯಾಸ ಎಂದು ಆಮೇಲೆ ಅನೇಕರು ನನಗೆ ಸಮಾಧಾನ ಹೇಳಿದ್ದಾರೆ. ಅಭ್ಯಾಸವೇ ಆಗಿದ್ದರೆ ಅದು ಶಂಭುವಿನ ಮೇಲೂ ನಡೆಯಬೇಕಿತ್ತು. ಅವನನ್ನು ಆ ಕಾಟಾ ಹತ್ತಿಸಿದ್ದನ್ನು ನಾನು ಕಂಡಿಲ್ಲ. ಆ ವರ್ಷ ಅವನ ಅಂಗಿಯ ಗುಂಡಿಗಳು ಹೊಟ್ಟೆಯ ಬಳಿ ಕೂಡುತ್ತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಬಾಯಲ್ಲಿ ಉಸಿರು ಬಿಡುತ್ತಿದ್ದ. ಅದನ್ನು ಮನೆಯವರು ಪೈಲ್ವಾನನ ಮೈ ಎನ್ನುತ್ತಿದ್ದರು.

ಬಸವ ಜಯಂತಿಯ ದಿನ ಮನೆಯಲ್ಲಿ ನಲವತ್ತು ಜನರ ಊಟವಿತ್ತು. ಬೇಸಿಗೆ, ನಲ್ಲಿ ಬತ್ತಿತ್ತು, ನೀರು ತರುವ ಆಳು ಬರಲಿಲ್ಲ. ದೊಡ್ಡವ್ವ ಬೀಗರೆಲ್ಲ ನೋಡಲೆಂದು ಬೇಕೆಂದೇ ಶಂಭುವಿನ ಹೆಗಲಿಗೆ ಕೊಡ ಕೊಟ್ಟಳು. ಅವನು ಬೀದಿಯ ಬಾವಿಯಿಂದ ಎರಡು ಕೊಡ ತಂದು, ಮೂರನೆಯದನ್ನು ಅರ್ಧ ಚೆಲ್ಲಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಅವನ ತುಟಿ ಬೆಳ್ಳಗಾಗಿತ್ತು. ನಾನು ಕೊಡವನ್ನು ಅವನ ಕೈಯಿಂದ ತೆಗೆದುಕೊಂಡೆ. ಸೇದಿ, ಹೊತ್ತು, ಹಂಡೆ, ಗಡಿಗೆ, ಕೊಪ್ಪರಿಗೆಗಳನ್ನು ತುಂಬಿಸಿದೆ. ಇಪ್ಪತ್ತೆರಡು ಕೊಡ. ನಾನು ಎಣಿಸಿದ್ದೇನೆ. ಪ್ರತಿ ಸಲವೂ ಶಂಭುವಿನ ಮುಂದಿನಿಂದಲೇ ಹಾಯ್ದು ಹೋದೆ. ಹಿತ್ತಿಲ ಬಾಗಿಲು ಹತ್ತಿರವಿತ್ತು, ಆದರೂ ಅದನ್ನು ಬಳಸಲಿಲ್ಲ. ಕೊನೆಯ ಕೊಡ ಇಳಿಸುವಾಗ ಬೀಗರಲ್ಲಿ ಒಬ್ಬ ಹಿರಿಯರು, ಈ ಮನೆಯ ಪೈಲ್ವಾನ ಯಾರೆಂದು ಈಗ ಗೊತ್ತಾಯಿತು ಎಂದರು. ಪಡಸಾಲೆಯೆಲ್ಲ ನಕ್ಕಿತು. ದೊಡ್ಡಪ್ಪನೂ, ಮೊದಲ ಸಲ, ನಕ್ಕರು.

“ಶಕ್ತಿ ಬಂದೈತೆ ಬಿಡ್ರಿ. ಇನ್ಮ್ಯಾಲೆ ನೀರಿನಾಳು ಬ್ಯಾಡ, ನೀಲಿನೇ ತರ್ತಾಳ. ಇಷ್ಟು ಗಟ್ಟಿ ಇದ್ದ ಮ್ಯಾಲೆ ಸಾಲಿ ಯಾಕ?”

ಅಡುಗೆಮನೆಯ ಬಾಗಿಲಲ್ಲಿ ಅವ್ವ ಕಾಣಿಸಿಕೊಂಡಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು, ತಲೆಯ ಮೇಲೆ ಸೆರಗಿತ್ತು. ಭಾವನ ಎದುರು ಅವಳ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಭಾವನೋರೆ, ತೂಕ ಕಡಿಮಿ ಅಂತ ಸಾಲಿ ಬ್ಯಾಡ ಅಂದ್ರಿ. ಈಗ ಶಕ್ತಿ ಜಾಸ್ತಿ ಅಂತ ಬ್ಯಾಡ ಅಂತೀರಿ. ಎಷ್ಟಿದ್ರ ಹೋಗ್ಬೌದು, ಅದನ್ನಾದ್ರೂ ಹೇಳಿಬಿಡ್ರಿ.”

ನಗು ನಿಂತಿತು. ದೊಡ್ಡಪ್ಪ ಅವ್ವನ ಕಡೆ ನೋಡದೆ, ಒಲೆಯ ಮೇಲೆ ಏನೋ ಸೀಯುತ್ತಿದೆ, ಒಳಗೆ ಹೋಗು ಎಂದರು. ಅವ್ವ ಒಳಗೆ ಹೋಗಿ ನಲವತ್ತು ಜನರಿಗೂ ಹೋಳಿಗೆ ಬೇಯಿಸಿದಳು, ಬಡಿಸಿದಳು, ಪಾತ್ರೆಗಳನ್ನೆಲ್ಲ ತೊಳೆದಳು. ಮರುದಿನ ಬೆಳಿಗ್ಗೆ ದೊಡ್ಡಪ್ಪ ಸ್ನಾನಕ್ಕಿಳಿದಿದ್ದಾಗ ನನ್ನ ಕೈ ಹಿಡಿದು ಮುಂಬಾಗಿಲಿನಿಂದಲೇ ಹೊರಟಳು. ಒಂದು ಟ್ರಂಕು, ಒಂದು ಗಂಟು. ರೈಲಿನಲ್ಲಿ ಕೂತ ಮೇಲೆ ಕುಬಸದೊಳಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಕೈಗಿಟ್ಟಳು. ನನ್ನ ಶಾಲೆಯ ಸರ್ಟಿಫಿಕೇಟು. ದೊಡ್ಡಪ್ಪನ ಪೆಟ್ಟಿಗೆಯ ಬೀಗದ ಕೈ ಅವರ ಶಿವದಾರದಂತೆ ಕೊರಳಲ್ಲೇನೂ ಇರುತ್ತಿರಲಿಲ್ಲ, ದೇವರ ಜಗುಲಿಯ ಮೇಲಿರುತ್ತಿತ್ತು. ಜಗುಲಿ ಸಾರಿಸುವವಳು ಅವ್ವನೇ. ಹೊರಡುವ ಮೊದಲು ಅವಳು ಮನೆಯ ಕೊಡಗಳನ್ನೆಲ್ಲ ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿದ್ದಳು. ಒಂದರಲ್ಲಿಯೂ ಹನಿ ನೀರು ಇರಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಹಿತವಾಗುತ್ತದೆ.

ಹರಿಹರಕ್ಕೆ ಬಂದ ಮೇಲಿನ ಮೊದಲ ಸೋಮವಾರ ಮಾವ ಎಂದಿನಂತೆ ನನ್ನನ್ನು ತೂಗಿದರು. ಅವ್ವ ಬುತ್ತಿ ಕೊಡಲು ಜೊತೆಗೆ ಬಂದಿದ್ದಳು. ನೀನೂ ಹತ್ತು, ರೈಲ್ವೆಯವರು ದುಡ್ಡು ಕೇಳುವುದಿಲ್ಲ ಎಂದು ಮಾವ ತಂಗಿಯನ್ನು ಛೇಡಿಸಿ ಕಾಟಾದ ಮೇಲೆ ನಿಲ್ಲಿಸಿದರು. ಗುಂಡನ್ನು ನಲವತ್ತೈದರ ಹತ್ತಿರ ಇಟ್ಟರು. ತೊಲೆ ಏಳಲಿಲ್ಲ. ನಲವತ್ತಕ್ಕೆ ಸರಿಸಿದರು. ಏಳಲಿಲ್ಲ. ಅವರ ನಗು ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ. ಬೆರಳು ಮಾತ್ರ ಗುಂಡನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತರುತ್ತಿತ್ತು.

“ಎಷ್ಟೈತೆ ಅಣ್ಣಾ?”

“ಕಾಟಾ ಯಾಕೋ ಸರಿ ಇಲ್ಲವ್ವ. ಇಳಿ.”

ಕಾಟಾದ ವಿಷಯದಲ್ಲಿ ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಓದುವುದನ್ನು ಅವರೇ ನನಗೆ ಕಲಿಸಿದ್ದರು. ಮೂವತ್ತಮೂರೂವರೆ. ಬಟ್ಟೆ, ಬಳೆ, ಎಣ್ಣೆ ಹಚ್ಚಿದ ತುರುಬು ಎಲ್ಲವೂ ಸೇರಿ. ದೊಡ್ಡಪ್ಪನ ಲೆಕ್ಕದಲ್ಲಿ ಹೈಸ್ಕೂಲಿನವರೆಗೆ ನಡೆಯಲು ಆಗದ ಮೈ ಅದು. ಆ ಮೈ ಹದಿಮೂರು ವರ್ಷ ಆ ಮನೆಯ ಜೋಳ ಬೀಸಿತ್ತು, ಎರಡು ಎಮ್ಮೆಗಳ ಸಗಣಿ ಬಾಚಿತ್ತು, ಶಂಭುವಿನ ಬೆಣ್ಣೆ ಕಡೆದಿತ್ತು. ನಾನು ಮನೆಯಲ್ಲಿದ್ದಾಗ ಒಮ್ಮೊಮ್ಮೆ ನನ್ನ ತಾಟಿನಲ್ಲಿ ರೊಟ್ಟಿಯ ಕೆಳಗೆ ಇನ್ನೊಂದು ಅರ್ಧ ರೊಟ್ಟಿ ಸಿಗುತ್ತಿತ್ತು. ಅದು ಯಾರ ಅರ್ಧ ಎಂಬುದು ನನಗೆ ಗೂಡ್ಸ್ ಶೆಡ್ಡಿನಲ್ಲಿ ತಿಳಿಯಿತು.

ಆ ಜೂನಿನಲ್ಲಿ ನಾನು ಹರಿಹರದ ಹೈಸ್ಕೂಲು ಸೇರಿದೆ. ಬೆಳಿಗ್ಗೆ ಹೊಳೆಗೆ ನಡೆಯುವಾಗ ಅವ್ವನನ್ನೂ ಎಬ್ಬಿಸುತ್ತಿದ್ದೆ. ಬಸ್ಕಿ ಹೊಡೆಯಲು ಅವಳು ಕೊನೆಯವರೆಗೂ ಒಪ್ಪಲಿಲ್ಲ, ಆದರೆ ನಡೆದಳು; ನೆನೆಸಿದ ಕಡಲೆಯನ್ನು ನನ್ನ ಎದುರೇ ತಿನ್ನಬೇಕೆಂದು ಹಟ ಹಿಡಿದಾಗ ತಿಂದಳು. ಎರಡು ವರ್ಷಕ್ಕೆ ನಲವತ್ತಮೂರು ಕಿಲೋ ಆದಳು. ಮುಂದೆ ನಾನು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾದೆ. ತಲೆ ತಿರುಗಿ ಬಿದ್ದ ಪ್ರತಿ ಹುಡುಗಿಯನ್ನೂ ಮೊದಲು ಕೇಳುತ್ತಿದ್ದುದು, ನಿಮ್ಮ ಮನೆಯಲ್ಲಿ ಮೊದಲು ಯಾರು ಉಣ್ಣುತ್ತಾರೆ ಎಂದು.

ಶಂಭು, ಇದು ನಿನ್ನ ಕಿವಿಗೆ ಬೀಳುತ್ತದೆಂದು ನನಗೆ ಗೊತ್ತಿದೆ. ನಿನ್ನ ಮಕ್ಕಳು ಓದಿ ಹೇಳುತ್ತಾರೆ. ನಿನ್ನ ಮನೆಯ ಹಾಲಿನಿಂದ ಬೆಳೆದ ಮೈ ಎಂದು ಇನ್ನು ಮುಂದೆಯೂ ಹೇಳಿಕೊಂಡು ತಿರುಗು, ಬೇಡವೆನ್ನುವುದಿಲ್ಲ. ಒಂದಕ್ಕೆ ಮಾತ್ರ ಉತ್ತರ ಕೊಡು. ನಿಮ್ಮ ಅಂಗಡಿಗೆ ಬಂದ ಪ್ರತಿ ಚೀಲವನ್ನೂ ತೂಗಿದಿರಿ, ನನ್ನನ್ನೂ ಚೀಲದಂತೆ ತೂಗಿದಿರಿ. ಆ ಹದಿಮೂರು ವರ್ಷದಲ್ಲಿ, ನಿಮ್ಮೆಲ್ಲರಿಗೂ ಬಡಿಸಿ ಗೋಡೆಗೆ ಮುಖ ಮಾಡಿ ಕೂತವಳ ತಾಟಿನಲ್ಲಿ ಏನಿದೆಯೆಂದು ನಿಮ್ಮಲ್ಲಿ ಒಬ್ಬರಾದರೂ ಒಮ್ಮೆ ಬಗ್ಗಿ ನೋಡಿದ್ದಿರಾ?